ಮರು: ‘ಸ್ಕೇಲ್ ಡ್ರಾಯಿಂಗ್’ಗೆ ಕನ್ನಡ ಪದ ಬೇಕು (ನಾಳೆ ಫಲಕ ಬರೆಸಬೇಕು)

ಮಕ್ಕಳಿಗಾಗಿ ಗ್ರಾಮನಕಾಶೆ ಅಂಟಿಸುವ ಫಲಕಕ್ಕೆ ‘ಸ್ಕೇಲ್ ಡ್ರಾಯಿಂಗ್’ (ನಿಜದ ಅಳತೆಗಳನ್ನೆಲ್ಲ ಒಂದೇ ಲೆಕ್ಕದಲ್ಲಿ ಕುಗ್ಗಿಸಿ ಬರೆದ ಚಿತ್ರ) ಅನ್ನುವುದಕ್ಕೆ ಕನ್ನಡ ಪದ ಕೇಳಿದ್ದೀರಿ. ನಾಳೆ ಬೆಳಿಗ್ಗೆಯೇ ಮಂಡ್ಯದ ಪೇಂಟರ್ ಕೈಗೆ ಕೊಡಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಪದ. ತಲೆಬರಹ ‘ಸ್ಕೇಲು ನಕ್ಷೆ’. ಅದರ ಕೆಳಗೆ ‘ಸ್ಕೇಲು 1:7920, ಒಂದಿಂಚಿಗೆ 660 ಅಡಿ’.

‘ಪ್ರಮಾಣ ನಕ್ಷೆ’ ಆಗದು. ನಿಮ್ಮ ಮಕ್ಕಳು ಆ ಫಲಕದ ಮುಂದೆ ನಿಂತು ಮಾಡುವುದು ತ್ರೈರಾಶಿಕ, ಅಂದರೆ ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಲೆಕ್ಕ. ಅದರಲ್ಲಿ ಪ್ರಮಾಣ, ಫಲ, ಇಚ್ಛೆ ಮೂರಕ್ಕೂ ಅವುಗಳದೇ ಜಾಗ ಇದೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯರು ಬಳಸಿದ್ದೂ ಇವನ್ನೇ. ಗ್ರಾಮನಕಾಶೆಯಲ್ಲಿ ನಾಲೆಯಿಂದ ಕೆರೆಗೆ ಒಂದೂವರೆ ಇಂಚು ಅನ್ನಿ. ಪ್ರಮಾಣ 1 ಇಂಚು, ಫಲ 660 ಅಡಿ, ಇಚ್ಛೆ 1.5 ಇಂಚು. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 990 ಅಡಿ, ಸರ್ವೆಯವರ 33 ಅಡಿಯ ಸರಪಳಿಯಲ್ಲಿ ಸರಿಯಾಗಿ 30 ಸರಪಳಿ. ಇಲ್ಲಿ ಪ್ರಮಾಣ ಅಂದರೆ ಆ ಒಂದಿಂಚು, 1:7920 ಅಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ಲೆಕ್ಕ ಮಾಡುವ ಮಗು ಯಾವುದನ್ನು ಹಿಡಿಯಬೇಕು?

‘ಮಾಪಕ’ವೂ ಬೇಡ. ಅದು ಅಳೆಯುವ ಸಾಧನ, ಮಳೆಮಾಪಕದ ಹಾಗೆ. ‘ಅನುಪಾತ’ ತಪ್ಪಲ್ಲ, ಆದರೆ ಸಿಮೆಂಟು ಮರಳಿಗೂ ಅದೇ ಪದ.

ಇನ್ನು ‘ಪಡಿಯಳತೆ’. ಅಚ್ಚಗನ್ನಡ ಎಂದು ಮೈಸೂರಿನ ಗೆಳೆಯರು ಮೂರು ಸಲ ಬರೆದಿದ್ದಾರೆ. ಪಡಿಯಚ್ಚು, ಪಡಿನೆಳಲುಗಳ ‘ಪಡಿ’ ಸಂಸ್ಕೃತದ ‘ಪ್ರತಿ’ಯ ತದ್ಭವ, ಅಚ್ಚಗನ್ನಡವಲ್ಲ. ಅಕ್ಕಿ ಅಳೆಯುವ ಪಡಿ ಬೇರೆ. ‘ಪಡಿಯಳತೆ’ ಅಂದರೆ ನಮ್ಮ ಕಡೆ ಅಕ್ಕಿಯೇ ಕಣ್ಣಿಗೆ ಬರುವುದು. ಈ ಚರ್ಚೆ ಇಲ್ಲಿಗೆ ಸಾಕು.

‘ಸ್ಕೇಲು’ ಇಂಗ್ಲಿಷ್ ಎಂದು ಸಿಡುಕುವವರು ‘ನಕ್ಷೆ’ಯನ್ನು ಮುಟ್ಟುವುದಿಲ್ಲ. ಅದು ಅರಬ್ಬಿ ಮೂಲದ್ದು. ‘ಜಮೀನು’ ಪಾರ್ಸಿ. ಜಮೀನು ಉಳುವವನಿಗೆ ಅವು ಹೊರಗಿನವು ಅನ್ನಿಸಿಲ್ಲ, ಏಕೆಂದರೆ ಅವನ ಕಾಗದಪತ್ರವೆಲ್ಲ ಆ ಮಾತಿನಲ್ಲೇ ಇದೆ. ಮದ್ದೂರಿನ ಹೊಲದಲ್ಲಿ ಸರ್ವೆಯವರನ್ನು ಕೇಳಿ ನೋಡಿ, ‘ಸ್ಕೇಲು’ ಅಂತಲೇ ಅನ್ನುತ್ತಾರೆ. ಬಳಸುವವರ ಬಾಯಲ್ಲಿ ಇರುವ ಪದವನ್ನು ಕಿತ್ತು ಕೋಶದಲ್ಲಿ ಹೊಸೆದದ್ದನ್ನು ತುರುಕುವುದು ನನಗೆ ಕನ್ನಡದ ಕೆಲಸ ಅನ್ನಿಸುವುದಿಲ್ಲ.

ಮಕ್ಕಳಿಗೆ ಸ್ಕೇಲು ಅಂದರೆ ಗೆರೆ ಎಳೆಯುವ ಪಟ್ಟಿ, ನಿಜ. ಪಕ್ಕದಲ್ಲೇ 1:7920 ಇದ್ದರೆ ಆ ಗೊಂದಲ ಬಾರದು. ‘ಸ್ಕೇಲ್’ ಅಂತ ಅರ್ಧಕ್ಕೆ ನಿಲ್ಲಿಸಬೇಡಿ, ಉಕಾರ ಕೊಡಿಸಿ. ಸ್ಕೇಲಿಗೆ, ಸ್ಕೇಲಿನ ಎಂದು ವಿಭಕ್ತಿ ಹತ್ತಿದ ಪದ ಅದು.

ಪೇಂಟರ್‌ಗೆ ಕೊಡುವ ಮೊದಲು ಒಂದು ನೋಡಿಕೊಳ್ಳಿ. ನಕಾಶೆಯನ್ನು ಉದ್ದಗಲ ಎರಡು ಪಟ್ಟು ಹಿಗ್ಗಿಸಿ ಅಂಟಿಸುವುದಾದರೆ 7920 ಬರೆಸಬೇಡಿ. ಆಗ ಅದು 1:3960, ಒಂದಿಂಚಿಗೆ 330 ಅಡಿ.