ಮಕ್ಕಳ ರಕ್ಷಣೆಯ ಕ್ಷೇತ್ರಕಾರ್ಯಕ್ಕೆ ಭತ್ಯೆ ಸಿಗುವ ವ್ಯವಸ್ಥೆ ನಮ್ಮ ಕಡೆ ಇದೆಯೇ?

ಪ್ರಶ್ನೆ: ಜಗಳೂರು ತಾಲ್ಲೂಕಿನ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮನೆಯಲ್ಲಿ ಮೂರು ಎಕರೆ ಮೆಕ್ಕೆಜೋಳ ಬಿಟ್ಟರೆ ಬೇರೆ ಆದಾಯವಿಲ್ಲ. ಮೊದಲ ವರ್ಷದ ಕ್ಷೇತ್ರಕಾರ್ಯ ಮಕ್ಕಳ ಸಂಸ್ಥೆಯೊಂದರಲ್ಲಿ ನಡೆಯಿತು. ಮುಂದೆ ಇದೇ ಕೆಲಸ ಮಾಡಬೇಕೆಂಬ ಆಸೆ ಹುಟ್ಟಿದ್ದು ಅಲ್ಲಿಯೇ.

ವಾರಕ್ಕೆ ಎರಡು ದಿನ ಕ್ಷೇತ್ರಕ್ಕೆ ಹೋಗಬೇಕು. ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಹಣವಿಲ್ಲ ಎಂಬುದು ನಿಜ. ಆದರೆ ನಮ್ಮ ಭಾಗದ ಹಳ್ಳಿಗಳಿಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದು ಇಳಿಸಿದ ಮೇಲೆ ಆಟೊ. ಮನೆ ಭೇಟಿ ಇದ್ದ ದಿನ ಮಧ್ಯಾಹ್ನದ ಊಟದ ಹಣವನ್ನು ಆಟೊಗೆ ಕೊಟ್ಟದ್ದೂ ಉಂಟು. ಮಾನವ ಸಂಪನ್ಮೂಲ ವಿಭಾಗ ತೆಗೆದುಕೊಂಡ ನನ್ನ ಗೆಳತಿಯರು ಹರಿಹರದ ಕಡೆಯ ಕಾರ್ಖಾನೆಗಳಿಗೆ ಹೋಗುತ್ತಾರೆ. ಅವರಿಗೆ ಅಲ್ಲಿಯೇ ಊಟ ಸಿಗುತ್ತದೆ, ಕೆಲವರಿಗೆ ತಿಂಗಳಿಗಿಷ್ಟು ಎಂದು ಹಣವೂ ಬರುತ್ತದೆ. ನಮ್ಮ ತಂದೆ ಕೇಳುವ ಪ್ರಶ್ನೆ ಒಂದೇ: ಒಂದೇ ಡಿಗ್ರಿಯಲ್ಲಿ ಅವರಿಗೆ ದುಡ್ಡು ಬರುವುದು, ನಿನಗೆ ಕೈಯಿಂದ ಹೋಗುವುದು ಏಕೆ?

ಅಮೆರಿಕದಲ್ಲಿ ಮಕ್ಕಳ ಕಲ್ಯಾಣ ಇಲಾಖೆಗೆ ಸೇರಲು ಒಪ್ಪುವ ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ಓದುವಾಗಲೇ ಸರ್ಕಾರ ಹಣ ಕೊಡುತ್ತದೆ ಎಂದು ಓದಿದೆ. ಅದು ನಡೆಯುವ ಬಗೆ ಹೇಗೆ? ಇಲ್ಲಿ ಅಂಥದ್ದೇನಾದರೂ ಇದೆಯೇ? ಇಲ್ಲವಾದರೆ ಈಗಲೇ ವಿಭಾಗ ಬದಲಿಸಿಕೊಳ್ಳುವುದು ಒಳ್ಳೆಯದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ದಾವಣಗೆರೆಯವಳು, ಈಗ ಕ್ಯಾಲಿಫೋರ್ನಿಯಾದಲ್ಲಿ

ತಂಗೀ, ನೀನು ಓದಿದ ವ್ಯವಸ್ಥೆಯಲ್ಲಿಯೇ ನಾನು ಎಂ.ಎಸ್.ಡಬ್ಲ್ಯೂ. ಮುಗಿಸಿದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿನ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ನಾಲ್ಕು-ಇ ಎಂಬ ಭಾಗವಿದೆ. 1980ರ ಕಾನೂನೊಂದರ ಮೂಲಕ ಸೇರಿದ್ದು. ಹೆತ್ತವರ ಬಳಿ ಇರಲಾಗದೆ ಪಾಲನಾ ಕುಟುಂಬಗಳಲ್ಲಿರುವ ಮಕ್ಕಳ ಖರ್ಚನ್ನು ಕೇಂದ್ರ ಸರ್ಕಾರ ರಾಜ್ಯಗಳೊಂದಿಗೆ ಹಂಚಿಕೊಳ್ಳುವುದು ಅದರ ಮುಖ್ಯ ಉದ್ದೇಶ. ಅದರ ಜೊತೆಗೆ, ಈ ಕೆಲಸದಲ್ಲಿರುವವರ ಮತ್ತು ಈ ಕೆಲಸಕ್ಕೆ ಸಿದ್ಧರಾಗುತ್ತಿರುವವರ ತರಬೇತಿಗೆ ರಾಜ್ಯ ಮಾಡುವ ವೆಚ್ಚದಲ್ಲಿ ಶೇ. 75ರಷ್ಟನ್ನು ಕೇಂದ್ರ ಭರಿಸುತ್ತದೆ. ವಿಶ್ವವಿದ್ಯಾಲಯಗಳು ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡು ಈ ಹಣದಿಂದಲೇ ವಿದ್ಯಾರ್ಥಿಗಳಿಗೆ ಭತ್ಯೆ ಕೊಡುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ನಡೆಸುತ್ತ ಬಂದದ್ದು ಬರ್ಕ್ಲಿಯಲ್ಲಿ 1990ರಲ್ಲಿ ಹುಟ್ಟಿದ ಕ್ಯಾಲ್‌ಸ್ವೆಕ್ ಎಂಬ ಒಕ್ಕೂಟ.

ಇದನ್ನು ವಿದ್ಯಾರ್ಥಿವೇತನ ಎಂದುಕೊಳ್ಳಬೇಡ. ಇದೊಂದು ಕರಾರು. ಎರಡು ವರ್ಷ ಭತ್ಯೆ ಪಡೆದರೆ ಎರಡು ವರ್ಷ ಕೌಂಟಿಯ ಮಕ್ಕಳ ಕಲ್ಯಾಣ ವಿಭಾಗದಲ್ಲಿ ಕೆಲಸ ಮಾಡಲೇಬೇಕು. ಮಾಡದಿದ್ದರೆ ಪಡೆದ ಹಣವನ್ನು ಹಿಂದಿರುಗಿಸಬೇಕು. ಆ ಕೆಲಸವನ್ನು ಯಾರೂ ತಂದು ಕೈಗಿಡುವುದಿಲ್ಲ. ಅರ್ಜಿ ಹಾಕಿ, ಸಂದರ್ಶನ ಎದುರಿಸಿ ನಾವೇ ಗಳಿಸಿಕೊಳ್ಳಬೇಕು. ಇಲ್ಲಿ ದುಡಿಯುವ ಹಕ್ಕಿದ್ದವರಿಗೆ ಮಾತ್ರ ಇದು ಸಾಧ್ಯವಾದ್ದರಿಂದ, ನನಗೆ ಗ್ರೀನ್ ಕಾರ್ಡ್ ಬಂದ ಮೇಲೆಯೇ ಅರ್ಜಿ ಹಾಕಲು ಆಯಿತು.

ಶೇ. 75 ಎಂಬ ಲೆಕ್ಕವೂ ಕಾಗದದಲ್ಲಿ ಕಾಣುವಷ್ಟು ಸರಳವಲ್ಲ. ಪಾಲನೆಯಲ್ಲಿರುವ ಮಕ್ಕಳಲ್ಲಿ ಎಷ್ಟು ಜನರ ಕುಟುಂಬಗಳು 1996ರ ಬಡತನದ ಮಾನದಂಡದೊಳಗೆ ಬರುತ್ತವೆಯೋ ಆ ಪ್ರಮಾಣಕ್ಕೆ ತಕ್ಕಂತೆ ಕೇಂದ್ರದ ಪಾಲನ್ನು ಇಳಿಸಲಾಗುತ್ತದೆ. ಅಂದಿನ ಆದಾಯದ ಮಿತಿ ಇಂದಿಗೂ ಹಾಗೆಯೇ ಇರುವುದರಿಂದ ವರ್ಷ ಕಳೆದಂತೆ ಕೇಂದ್ರದ ಹಣ ಕುಗ್ಗುತ್ತಲೇ ಬಂದಿದೆ.

ಇಷ್ಟಾದರೂ ಇಲ್ಲಿ ಕೆಲಸ ಬಿಟ್ಟುಹೋಗುವವರ ಸಮಸ್ಯೆ ತೀರಿಲ್ಲ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2003ರ ವರದಿಯಲ್ಲಿ, ಮಕ್ಕಳ ಕಲ್ಯಾಣ ಕಾರ್ಯಕರ್ತರು ಸರಾಸರಿ ಎರಡು ವರ್ಷವೂ ನಿಲ್ಲುವುದಿಲ್ಲ ಎಂದು ದಾಖಲಿಸಿತ್ತು. ಒಬ್ಬರಿಗೆ 12ರಿಂದ 15 ಮಕ್ಕಳು ಎಂಬ ಶಿಫಾರಸು ಇದ್ದರೂ ಅದರ ಎರಡರಷ್ಟು ಹೊರೆ ಹೊತ್ತವರು ಎಷ್ಟು ದಿನ ನಿಂತಾರು? ನಾನು ನಿಂತದ್ದು ಭತ್ಯೆಯ ಋಣಕ್ಕಲ್ಲ. ಕ್ಷೇತ್ರಕಾರ್ಯದ ಅವಧಿಯಲ್ಲಿ ವಾರಕ್ಕೊಮ್ಮೆ ಒಂದು ಗಂಟೆ ನನ್ನ ಜೊತೆ ಕುಳಿತು, ನಾನು ಬರೆದ ಪ್ರತಿ ಸಾಲಿಗೂ ‘ಇದು ನಿನಗೆ ಹೇಗೆ ಗೊತ್ತಾಯಿತು?’ ಎಂದು ಕೇಳುತ್ತಿದ್ದ ಮೇಲ್ವಿಚಾರಕಿಯೊಬ್ಬರು ಸಿಕ್ಕಿದ್ದರು, ಅದಕ್ಕೆ ನಿಂತೆ.

ಉತ್ತರ: ಚಿತ್ರದುರ್ಗದಲ್ಲಿ ಮಕ್ಕಳ ರಕ್ಷಣೆಯ ಕೆಲಸದವಳು

ಅಕ್ಕ ಅಲ್ಲಿನ ವಿಷಯವನ್ನು ವಿವರವಾಗಿ ತಿಳಿಸಿದ್ದಾರೆ. ನಾನು ಇಲ್ಲಿನದನ್ನು ಹೇಳುತ್ತೇನೆ.

ಓದುವಾಗಲೇ ಭತ್ಯೆ ಕೊಟ್ಟು, ಓದು ಮುಗಿದ ಮೇಲೆ ಮಕ್ಕಳ ರಕ್ಷಣಾ ಘಟಕಕ್ಕೆ ಸೇರಿಸಿಕೊಳ್ಳುವ ವ್ಯವಸ್ಥೆ ನಮ್ಮ ಎರಡೂ ಜಿಲ್ಲೆಗಳಲ್ಲಿ ನಾನು ಕಂಡಿಲ್ಲ. ಸಾಮಾನ್ಯ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ; ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸೀಟು ಸಿಗದಿದ್ದರೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಇದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಮಹಿಳೆಯರಿಗಾಗಿ ದೆಹಲಿಯಲ್ಲಿ ಸಹಾಯಧನ ಸಹಿತ ಎರಡು ತಿಂಗಳ ಇಂಟರ್ನ್‌ಷಿಪ್ ನಡೆಸುತ್ತದೆ, ರಜೆಯ ಹೊತ್ತಿಗೆ ಕೂಡಿಬಂದರೆ ಅರ್ಜಿ ಹಾಕಿರಿ. ಯುವನಿಧಿ ಓದು ಮುಂದುವರಿಸುತ್ತಿರುವವರಿಗೆ ಇಲ್ಲ. ಇವುಗಳಲ್ಲಿ ಯಾವುದೂ ಜಗಳೂರಿನ ಆಟೊ ಬಾಡಿಗೆಯನ್ನು ಗಮನದಲ್ಲಿಟ್ಟು ಮಾಡಿದ್ದಲ್ಲ.

ನಮಗೆ ತರಬೇತಿ ಪಡೆದವರು ಏಕೆ ಬೇಕು ಎಂಬುದನ್ನು ಒಂದು ಪ್ರಸಂಗದಿಂದ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬಸ್ ನಿಲ್ದಾಣದಲ್ಲಿ ಒಬ್ಬನೇ ಸಿಕ್ಕ ಹನ್ನೊಂದು ವರ್ಷದ ಹುಡುಗನನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲಾಯಿತು. ಬಾಲನ್ಯಾಯ ಕಾಯ್ದೆಯ ಪ್ರಕಾರ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಮೊದಲ ವರದಿಯನ್ನು ಒಬ್ಬರು ಫೋನಿನಲ್ಲಿಯೇ ವಿಚಾರಿಸಿ ಬರೆದಿದ್ದರು: ತಂದೆ ತಾಯಿ ಬೆಂಗಳೂರಿಗೆ ಕೂಲಿಗೆ ಹೋಗಿದ್ದಾರೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಬಾಲಮಂದಿರಕ್ಕೆ ಸೇರಿಸಬಹುದು. ಸಮಿತಿಯವರು ಒಪ್ಪದೆ ಮತ್ತೆ ಕಳುಹಿಸಿದಾಗ ನನ್ನ ಜೊತೆ ಎಂ.ಎಸ್.ಡಬ್ಲ್ಯೂ. ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಆ ಮನೆಯಲ್ಲಿ ಅಜ್ಜಿ ಇದ್ದರು. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಹೀಗಾಗಿ ಫೋನಿನಲ್ಲಿ ಅವರಿರುವುದೇ ಯಾರಿಗೂ ತಿಳಿದಿರಲಿಲ್ಲ. ಆ ಹುಡುಗಿ ಅರ್ಧ ಗಂಟೆ ಅವರ ಪಕ್ಕದಲ್ಲಿ ಕುಳಿತು ಕಡಲೆಕಾಯಿ ಬಿಡಿಸಿದಳು, ಪ್ರಶ್ನೆ ಏನೂ ಕೇಳಲಿಲ್ಲ. ಆಮೇಲೆ ಅಜ್ಜಿಯೇ ಎದ್ದು ಟ್ರಂಕು ತೆರೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಮೊಮ್ಮಗನ ಚುಚ್ಚುಮದ್ದು ದಾಖಲಾದ ‘ತಾಯಿ ಕಾರ್ಡ್’, ಶಾಲೆಯ ಅಂಕಪಟ್ಟಿ, ರೇಷನ್ ಕಾರ್ಡ್ ಎಲ್ಲವನ್ನೂ ಚಾಪೆಯ ಮೇಲೆ ಒಂದೊಂದಾಗಿ ಹರಡಿದರು. ನೋಡಿಕೊಳ್ಳುವವರಿಲ್ಲದ ಮನೆಯಲ್ಲಿ ಚುಚ್ಚುಮದ್ದಿನ ಕಾರ್ಡು ಹನ್ನೊಂದು ವರ್ಷ ಜೋಪಾನವಾಗಿ ಉಳಿಯುತ್ತದೆಯೇ? ಹುಡುಗ ಮನೆಗೆ ಮರಳಿದ. ಮಕ್ಕಳ ರಕ್ಷಣೆಗಾಗಿ ಇರುವ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಮಂಜೂರಾಯಿತು.

ಆ ವಿದ್ಯಾರ್ಥಿನಿ ಈಗ ಬೆಂಗಳೂರಿನಲ್ಲಿ ಕಂಪನಿಯೊಂದರ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದಾಳೆ. ಅವಳನ್ನು ನಾನು ತಪ್ಪು ಎನ್ನಲಾರೆ.

ಅಕ್ಕ ಹೇಳಿದ ಕರಾರಿನ, ಅಂದರೆ ಬಾಂಡಿನ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಮಿಷನ್ ವಾತ್ಸಲ್ಯದ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಘಟಕದಲ್ಲಿರುವ ನಮ್ಮಂಥ ಬಹುತೇಕರು ಗುತ್ತಿಗೆಯವರು. ಎರಡು ವರ್ಷ ದುಡಿಯಲೇಬೇಕೆಂದು ವಿದ್ಯಾರ್ಥಿಯಿಂದ ಬರೆಸಿಕೊಳ್ಳುವ ಸರ್ಕಾರ, ಎರಡು ವರ್ಷ ಕೆಲಸ ಕೊಡುತ್ತೇನೆಂದು ತಾನೂ ಬರೆದುಕೊಡಬೇಕಲ್ಲವೇ? ಅದಿಲ್ಲದೆ ಭತ್ಯೆ ತಂದರೆ ಬಡ ಮನೆಯ ಹುಡುಗಿಯ ಹೆಗಲಿಗೆ ಇನ್ನೊಂದು ಸಾಲ ಹೊರಿಸಿದಂತಾಗುತ್ತದೆ.

ಉತ್ತರ: ನಿವೃತ್ತ ಸಮಾಜಕಾರ್ಯ ಅಧ್ಯಾಪಕ, ದಾವಣಗೆರೆ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ನಮ್ಮ ತಪ್ಪನ್ನೂ, ಅಂದರೆ ಅಧ್ಯಾಪಕರ ತಪ್ಪನ್ನೂ ಹೇಳಬೇಕು. ಮುಂಬಯಿಯಲ್ಲಿ 1936ರಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ಆರಂಭವಾದಾಗಿನಿಂದ ಕ್ಷೇತ್ರಕಾರ್ಯವೇ ಈ ಶಿಕ್ಷಣದ ಜೀವಾಳ ಎಂದು ಹೇಳುತ್ತ ಬಂದಿದ್ದೇವೆ, ಅದರ ಖರ್ಚನ್ನು ಮಾತ್ರ ವಿದ್ಯಾರ್ಥಿಯ ತಂದೆ ತಾಯಿಯ ಪಾಲಿಗೆ ಬಿಟ್ಟಿದ್ದೇವೆ. ನಾನು ಹಾಜರಿ ಪುಸ್ತಕ ನೋಡಿ ಅಂಕ ಕಳೆದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಸ್ಸಿನ ದುಡ್ಡಿಲ್ಲದೆ ತಪ್ಪಿಸಿಕೊಂಡಿದ್ದರು ಎಂದು ಆಗ ಒಮ್ಮೆಯೂ ಕೇಳಲಿಲ್ಲ. ಇಂದಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಹಣದ ಮೂಲ ಹುಡುಕುವುದಾದರೆ ಒಂದು ದಾರಿ ಹೇಳುತ್ತೇನೆ. ಚಿತ್ರದುರ್ಗದಲ್ಲಿ ಭೀಮಸಮುದ್ರದ ಸುತ್ತಮುತ್ತ ಕಬ್ಬಿಣದ ಅದಿರಿನ ಗಣಿಗಳಿವೆ. ಗಣಿ ಕಾನೂನಿಗೆ 2015ರಲ್ಲಿ ಆದ ತಿದ್ದುಪಡಿಯಂತೆ ಗಣಿಗಳುಳ್ಳ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳಿದ್ದು, ಗುತ್ತಿಗೆದಾರರು ಅದಕ್ಕೆ ಹಣ ಕಟ್ಟುತ್ತಾರೆ. ಆ ಹಣವನ್ನು ಮೊದಲ ಆದ್ಯತೆಯಲ್ಲಿ ವ್ಯಯಿಸಬೇಕಾದ ಬಾಬತ್ತುಗಳಲ್ಲಿ ಮಹಿಳೆಯರ ಮತ್ತು ಮಕ್ಕಳ ಕಲ್ಯಾಣವೂ ಸೇರಿದೆ. ಗಣಿ ಬಾಧಿತ ಹಳ್ಳಿಗಳಿಗೆ ಮೀಸಲಾದ ಹಣವಾದ್ದರಿಂದ ಜಿಲ್ಲೆಯಿಡೀ ಹಂಚಲಾಗದು, ನಿಜ. ಆದರೆ ಆ ಹಳ್ಳಿಗಳಲ್ಲಿಯೇ ಕ್ಷೇತ್ರಕಾರ್ಯ ಮಾಡುವ ನಾಲ್ಕೈದು ವಿದ್ಯಾರ್ಥಿಗಳಿಗೆ ಹತ್ತು ತಿಂಗಳ ಪ್ರಯಾಣ ಮತ್ತು ಊಟದ ಭತ್ಯೆ, ಅವರನ್ನು ತಿದ್ದುವ ಒಬ್ಬ ಅನುಭವಿ ಮೇಲ್ವಿಚಾರಕರಿಗೆ ಗೌರವಧನ ಎಂದು ಪ್ರಸ್ತಾವನೆ ಬರೆದರೆ ಜಿಲ್ಲಾಡಳಿತ ಅದನ್ನು ಪರಿಶೀಲಿಸಲು ಅವಕಾಶವಿದೆ. ಬಾಂಡು ಬೇಡ. ಮೇಲ್ವಿಚಾರಕರ ಬಾಬತ್ತನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬಾರದು. ಕ್ಯಾಲಿಫೋರ್ನಿಯಾದ ಮಗಳು ಹೇಳಿದ ಆ ಒಂದು ಗಂಟೆ ಇಲ್ಲದಿದ್ದರೆ ಫೋನಿನಲ್ಲಿ ವರದಿ ಬರೆಯುವವರನ್ನೇ ನಾವು ಮತ್ತೆ ತಯಾರಿಸುತ್ತೇವೆ.

ವಿಭಾಗ ಬದಲಿಸಬೇಕೇ ಎಂಬ ಪ್ರಶ್ನೆಗೆ ಬರುತ್ತೇನೆ. ಬದಲಿಸಬೇಡಮ್ಮ ಎಂದು ಹೇಳುವುದು ನನಗೆ ಸುಲಭ, ಪಿಂಚಣಿ ಬರುತ್ತದೆ. ಆದರೂ ಪೂರ್ತಿ ಬಾಗಿಲು ಮುಚ್ಚಿದೆ ಎಂದು ತಿಳಿಯಬೇಡ. ಪದವಿ ಮುಗಿದ ಮೇಲೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಸಂಬಂಧಿಸಿದ 2020ರ ಪೋಕ್ಸೊ ನಿಯಮಗಳಡಿ ಸಂತ್ರಸ್ತ ಮಗುವಿನ ಜೊತೆ ವಿಚಾರಣೆಯುದ್ದಕ್ಕೂ ನಿಲ್ಲುವ ‘ಬೆಂಬಲ ವ್ಯಕ್ತಿ’ಯಾಗಿ ಪಟ್ಟಿಗೆ ಸೇರಲು ಸಮಾಜಕಾರ್ಯ ಓದಿದವರಿಗೆ ಅವಕಾಶವಿದೆ, ಅದಕ್ಕೆ ಸಂಭಾವನೆಯೂ ಉಂಟು.

ಮರುಪ್ರತಿಕ್ರಿಯೆ: ಜಗಳೂರು ತಾಲ್ಲೂಕಿನ ವಿದ್ಯಾರ್ಥಿನಿ

ಅಕ್ಕಂದಿರಿಗೂ ಗುರುಗಳಿಗೂ ನನ್ನ ನಮಸ್ಕಾರಗಳು. ಈ ಸೆಮಿಸ್ಟರ್ ವಿಭಾಗ ಬದಲಿಸುವುದಿಲ್ಲ. ಕಳೆದ ವರ್ಷದ ಪ್ರತಿ ಭೇಟಿಯ ದಿನಾಂಕ, ಹೋದ ದೂರ, ತಗುಲಿದ ಖರ್ಚು ನನ್ನ ಡೈರಿಯಲ್ಲಿದೆ. ನಮ್ಮ ತರಗತಿಯ ಇನ್ನೂ ಆರು ಜನರಿಂದ ಅದೇ ಲೆಕ್ಕ ಕೇಳಿದ್ದೇನೆ. ಗುರುಗಳು ಹೇಳಿದ ಪ್ರಸ್ತಾವನೆಗೆ ಇದು ಉಪಯೋಗಕ್ಕೆ ಬಂದೀತೇ? ಬರೆಯುವ ಕ್ರಮವನ್ನು ಯಾರಾದರೂ ತಿದ್ದಿಕೊಡುವಿರಾ?

ಉತ್ತರ: ಚಿತ್ರದುರ್ಗದಲ್ಲಿ ಮಕ್ಕಳ ರಕ್ಷಣೆಯ ಕೆಲಸದವಳು

ಖಂಡಿತ ಬರುತ್ತದೆ. ಭಾನುವಾರ ನಾನು ಬಿಡುವಾಗಿರುತ್ತೇನೆ, ಖರ್ಚಿನ ಲೆಕ್ಕ ತೆಗೆದುಕೊಂಡು ಬಾ. ಡೈರಿಯಲ್ಲಿ ಮಕ್ಕಳ ಹೆಸರು, ಶಾಲೆ, ಊರು ಬರೆದಿರುವ ಪುಟಗಳನ್ನು ಮಾತ್ರ ತರಬೇಡ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಮಗುವಿನ ಗುರುತು ಬಹಿರಂಗವಾಗಬಾರದೆಂದು ಹೇಳುತ್ತದೆ. ಲೆಕ್ಕಕ್ಕೆ ಕಿಲೋಮೀಟರ್ ಮತ್ತು ರೂಪಾಯಿ ಸಾಕು.