ಪದ ಬೇಕು: ಆರ್ಸೆನಿಕ್ ವಿಷದಿಂದ ಕಾಪಾಡುವ ಗಿಡದ ಅಂಶಗಳಿಗೆ ಏನನ್ನೋಣ?

ಮಡಿಕೇರಿಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮೂರ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂದು ಬೋರ್ಡ್ ಅನುವಾದ ಮಾಡುತ್ತಿದ್ದೇನೆ. ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕು. ಕುಡಿಯುವ ನೀರಿನ ಆರ್ಸೆನಿಕ್ ಮೈಗೆ ಮಾಡುವ ಹಾನಿ, ಅದನ್ನು ತಡೆಯಬಹುದೇ ಎಂದು ಪರೀಕ್ಷಿಸಿರುವ ಗಿಡದ ಅಂಶಗಳು, ಇದು ವಿಷಯ. ಅರಿಸಿನದ ಕರ್ಕ್ಯುಮಿನ್, ಈರುಳ್ಳಿಯ ಕ್ವೆರ್ಸೆಟಿನ್, ಚಹಾ ಎಲೆಯ ಕ್ಯಾಟೆಚಿನ್, ಜೊತೆಗೆ ಬೆಳ್ಳುಳ್ಳಿ, ನುಗ್ಗೆ ಬೀಜ ಇವೆ. ತಲೆಬರಹಕ್ಕೆ ‘ಪಾಷಾಣಕ್ಕೆ ಗಿಡಮದ್ದು’ ಎಂದು ಬರೆದಿಟ್ಟಿದ್ದೇನೆ. ಸರಿಯೇ? ‘ಸಸ್ಯಜನ್ಯ ಸಂಯುಕ್ತ’ ಮಕ್ಕಳ ಬಾಯಿಗೆ ಭಾರ ಅನ್ನಿಸಿತು.

ಮೈಸೂರಿನಿಂದ:

‘ಪಾಷಾಣ’ ಬೇಡ. ಅದರ ಮೂಲ ಅರ್ಥ ಕಲ್ಲು. ಈಗ ಅಂಗಡಿಯಲ್ಲಿ ಸಿಗುವ ಇಲಿಪಾಷಾಣದಲ್ಲಿ ಆರ್ಸೆನಿಕ್ ಇರೋದಿಲ್ಲ, ಹೆಚ್ಚಾಗಿ ಜಿಂಕ್ ಫಾಸ್ಫೈಡ್ ಇರುತ್ತದೆ. ಹಳೆಯ ವೈದ್ಯರು ಆರ್ಸೆನಿಕ್‌ನ ಬಿಳಿ ಆಕ್ಸೈಡಿಗೆ ಶಂಖಪಾಷಾಣ ಅಂದರು, ಗಂಧಕ ಸೇರಿದ ಹಳದಿ ಅದಿರಿಗೆ ಅರಿದಳ ಅಂದರು.

ಇನ್ನು ‘ಆರ್ಸೆನಿಕ್’ ಇಂಗ್ಲಿಷಿನವರ ಸ್ವಂತ ಪದವೇನಲ್ಲ. ಗ್ರೀಕಿನ ‘ಆರ್ಸೆನಿಕಾನ್’, ಅದರ ಹಿಂದೆ ಪರ್ಶಿಯನ್ನಿನ ‘ಜರ್ನೀಖ್’. ‘ಜರ್’ ಅಂದರೆ ಚಿನ್ನ. ನಮ್ಮ ಸೀರೆಯ ಜರಿಯಲ್ಲಿರೋದೂ ಅದೇ. ಅರಿದಳದ ಹೊಂಬಣ್ಣ ನೋಡಿ ಇಟ್ಟ ಹೆಸರು ಅದು. ಅರಿದಳ ಸಂಸ್ಕೃತದಲ್ಲಿ ಹರಿತಾಳ, ಅರಿಸಿನ ಹರಿದ್ರಾ. ಎರಡರಲ್ಲೂ ಹಳದಿ ಬಣ್ಣದ ‘ಹರಿ’ ಇದೆ. ವಿಷಕ್ಕೂ ಅರಿಸಿನದ ಕೊಂಬಿಗೂ ಒಂದೇ ಬಣ್ಣದಿಂದ ಹೆಸರು! ‘ಅರಿದಳ’ ಎಂದೇ ಬರೆಯಿರಿ.

ಶಿವಮೊಗ್ಗದಿಂದ:

ಮತ್ತೆ ಸಂಸ್ಕೃತ, ಮತ್ತೆ ಪರ್ಶಿಯನ್. ‘ನಂಜು’ ಇದೆ, ಸಾಕು. ತಮಿಳು, ಮಲಯಾಳದಲ್ಲೂ ಅದರ ನಂಟರಿದ್ದಾರೆ. ನಂಜುಂಡ ಅಂದಾಗ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ‘ನಂಜುತಡೆ ಗಿಡಬೆರಕೆ’ ಎಂದು ಹಾಕಿ.

ವಿರಾಜಪೇಟೆಯಿಂದ:

‘ಬೆರಕೆ’ ತಪ್ಪು. ಬೆರಕೆ ಅಂದರೆ ಮಿಶ್ರಣ. ಸಂಯುಕ್ತವೇ ಬೇರೆ, ಮಿಶ್ರಣವೇ ಬೇರೆ ಎಂದು ಅದೇ ಶಾಲೆಯಲ್ಲಿ ಪಾಠ ಮಾಡುತ್ತಾರೆ. ‘ಅರಿದಳ’ವೂ ಆಗದು, ಅದು ಒಂದು ಅದಿರಿನ ಹೆಸರು. ‘ನಂಜು’ ಒಳ್ಳೆಯ ಪದ. ಆದರೆ ಗಾಯ ಆದವರಿಗೆ ಬದನೆ, ಒಣಮೀನು ಕೊಡಬೇಡಿ, ನಂಜು ಅನ್ನುವ ಮಾತೂ ಇದೆ ಅಲ್ವಾ?

ನನ್ನ ದೊಡ್ಡ ತಕರಾರು ‘ಮದ್ದು’ ಮೇಲೆ. ನಮ್ಮಲ್ಲಿ ತೋಟಕ್ಕೆ ‘ಮದ್ದು ಹೊಡೆಯೋದು’ ಅಂದರೆ ಸ್ಪ್ರೇ ಮಾಡೋದು. ‘ಮದ್ದು ಹಾಕಿದರು’ ಅಂದರೆ ಊಟದಲ್ಲಿ ವಿಷ ಬೆರೆಸಿದರು ಅಂತ. ಕೊಡವರ ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುತ್ತೇವೆ, ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅನ್ನೋ ನಂಬಿಕೆಯಿಂದ. ಇಂಥ ಕಡೆ ‘ಗಿಡಮದ್ದು’ ಎಂದು ಬೋರ್ಡ್ ಹಾಕಿದರೆ, ತಿಂದರೆ ವಿಷ ಇಳಿಯುತ್ತದೆ ಎಂದೇ ಜನ ಓದುತ್ತಾರೆ.

ವಿಷ ಇಳಿಯೋದಿಲ್ಲ. ಆರ್ಸೆನಿಕ್ ನಮ್ಮ ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಹೋಗಿ ಅಂಟುತ್ತದೆ. ಮೈಯನ್ನು ಕಾಯುವ ಗ್ಲುಟಾಥಯೋನ್ ಬರಿದಾಗುತ್ತದೆ, ಆಕ್ಸಿಡೀಕರಣದಿಂದ ಜೀವಕೋಶ ಕೆಡುತ್ತದೆ. ಗಿಡದ ಅಂಶಗಳು ಮುಖ್ಯವಾಗಿ ಈ ಆಕ್ಸಿಡೀಕರಣವನ್ನು ತಗ್ಗಿಸುತ್ತವೆ. ಅದಕ್ಕಿರುವ ಪುರಾವೆಯೂ ಬಹುಪಾಲು ಇಲಿಗಳ ಮೇಲಿನ ಪ್ರಯೋಗದ್ದು. ಪಶ್ಚಿಮ ಬಂಗಾಳದಲ್ಲಿ ಆರ್ಸೆನಿಕ್ ನೀರು ಕುಡಿದವರಿಗೆ ಕರ್ಕ್ಯುಮಿನ್ ಕೊಟ್ಟಾಗ ರಕ್ತಕಣಗಳ ಡಿಎನ್‌ಎ ಹಾನಿ ಕಡಿಮೆಯಾಯಿತು ಎಂಬ ಅಧ್ಯಯನ 2010ರಲ್ಲಿ ಬಂತು. ಒಳ್ಳೆಯ ಸುದ್ದಿಯೇ. ಅಷ್ಟಕ್ಕೇ ಚಿಕಿತ್ಸೆ ಸಿಕ್ಕಿತು ಅನ್ನೋಕಾಗಲ್ಲ. ಮೊದಲು ಬದಲಾಗಬೇಕಾದದ್ದು ನೀರು. ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಾಯಚೂರು, ಯಾದಗಿರಿಯ ಚಿನ್ನದ ಅದಿರಿನ ಸೀಮೆಯಲ್ಲಿ ಅದನ್ನು ಮೀರಿದ ಬೋರ್‌ವೆಲ್‌ಗಳಿವೆ. ಅಲ್ಲಿನವರಿಗೆ ಅರಿಸಿನ ತಿನ್ನಿ ಅಂದರೆ ಸಾಕೇ?

‘ಮದ್ದು’, ‘ಔಷಧಿ’, ‘ಪರಿಹಾರ’ ಮೂರನ್ನೂ ಬಿಡಿ. ‘ತಗ್ಗಿಸು’ ಅನ್ನಿ. ‘ಗಿಡದ ಅಂಶ’ ಎಂದು ನೀವೇ ಪ್ರಶ್ನೆಯಲ್ಲಿ ಬರೆದಿದ್ದೀರಿ, ಅದೇ ಚೆನ್ನಾಗಿದೆ.

ಮೈಸೂರಿನಿಂದ:

ಅದಿರಿನ ಹೆಸರೇ ಮುಂದೆ ಧಾತುವಿನ ಹೆಸರಾಯಿತು. ಗ್ರೀಕಿನಲ್ಲಿ ನಡೆದದ್ದು ಕನ್ನಡದಲ್ಲಿ ಯಾಕೆ ನಡೆಯಬಾರದು? ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳೋದಿಲ್ಲ.

ಶಿವಮೊಗ್ಗದಿಂದ:

‘ಬೆರಕೆ’ ಬೇಡವಾದರೆ ‘ಕೂಡಿಕೆ’ ಅನ್ನಿ. ‘ಆರ್ಸೆನಿಕ್’ ಹಾಗೇ ಇಡೋದಾದರೆ ಈ ಚರ್ಚೆ ಯಾಕೆ ಬೇಕಿತ್ತು? ಧಾತು, ಆಮ್ಲ, ಕ್ಷಾರ ಎಲ್ಲ ಹೊರಗಿನಿಂದ ಬಂದವು. ಪದ ಕಟ್ಟುವ ಕಸುವು ಬಳಸದಿದ್ದರೆ ಸಾಯುತ್ತದೆ.

ವಿರಾಜಪೇಟೆಯಿಂದ:

ಕಟ್ಟಿ, ಬೇಡ ಅಂದವರಾರು? ಆದರೆ ನೀರಿನ ಪರೀಕ್ಷೆಯ ವರದಿಯಲ್ಲಿ ‘ಆರ್ಸೆನಿಕ್’ ಅಂತಲೇ ಬರುತ್ತದೆ. ಬೋರ್ಡ್ ಓದಿದ ಮಗು ಆ ವರದಿಯನ್ನೂ ಓದುವಂತಾಗಬೇಕು.

ಮಡಿಕೇರಿಯಿಂದ:

ಎಲ್ಲರಿಗೂ ಧನ್ಯವಾದ. ತಲೆಬರಹ ಹೀಗೆ ಕಳಿಸಿದೆ: ‘ಆರ್ಸೆನಿಕ್ ವಿಷದ ಹಾನಿಯನ್ನು ಗಿಡದ ಅಂಶಗಳು ತಗ್ಗಿಸಬಲ್ಲವೇ?’ ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ‘ಇವು ಚಿಕಿತ್ಸೆಯಲ್ಲ. ಮೊದಲು ನೀರು ಪರೀಕ್ಷೆ ಮಾಡಿಸಿ.’ ಅರಿದಳ, ಜರಿಯ ವಿಷಯ ಪಕ್ಕದ ಚೌಕದಲ್ಲಿ ಬರುತ್ತದೆ. ಎರವಲು ಪದಗಳ ಚರ್ಚೆಯನ್ನು ದಯವಿಟ್ಟು ಬೇರೆ ತಲೆಬರಹ ಹಾಕಿ ಮುಂದುವರಿಸಿ, ನಾನೂ ಬರುತ್ತೇನೆ.