ಟೈಮಿಂಗ್ ರಿಕವರಿಗೆ ಮಲ್ಟಿಪ್ಲೈಯರ್ ಸಾಲುತ್ತಿಲ್ಲ, ಎಲ್ಲಿ ಉಳಿಸಲಿ?

ಪ್ರಶ್ನೆ:
ಕ್ಯೂಪಿಎಸ್‌ಕೆ (ಸಿಂಬಲ್‌ಗೆ ಎರಡು ಬಿಟ್ ಕಳಿಸೋ ವಿಧಾನ) ರಿಸೀವರ್ ಒಂದನ್ನು ಚಿಕ್ಕ ಎಫ್‌ಪಿಜಿಎಯಲ್ಲಿ (ಸರ್ಕ್ಯೂಟನ್ನು ನಾವೇ ರೂಪಿಸಿಕೊಳ್ಳೋ ಚಿಪ್) ಕೂರಿಸಬೇಕು. ಪ್ರತಿ ಸಿಂಬಲನ್ನು ಸರಿಯಾದ ಕ್ಷಣದಲ್ಲಿ ಓದೋ ಟೈಮಿಂಗ್ ರಿಕವರಿ ಭಾಗದಲ್ಲೇ ತೊಂದರೆ. ಸಿಂಬಲ್‌ಗೆ 4 ಸ್ಯಾಂಪಲ್, ರೋಲ್-ಆಫ್ (ಹೆಚ್ಚುವರಿ ಬ್ಯಾಂಡ್‌ವಿಡ್ತ್‌ನ ಪಾಲು) 0.35. ಮ್ಯಾಚ್ಡ್ ಫಿಲ್ಟರ್ (ಕಳಿಸಿದ ಪಲ್ಸ್‌ಗೆ ಹೊಂದೋ ಫಿಲ್ಟರ್), ಕ್ಯೂಬಿಕ್ ಇಂಟರ್‌ಪೋಲೇಟರ್ (ಸ್ಯಾಂಪಲ್‌ಗಳ ನಡುವಿನ ಬೆಲೆ ಲೆಕ್ಕ ಹಾಕೋದು), ಗಾರ್ಡ್ನರ್ ಡಿಟೆಕ್ಟರ್ (ಟೈಮಿಂಗ್ ಎಷ್ಟು ತಪ್ಪಿದೆ ಅಂತ ಅಳೆಯೋದು) ಇಷ್ಟಕ್ಕೇ ಮಲ್ಟಿಪ್ಲೈಯರ್‌ಗಳೆಲ್ಲ ಮುಗಿದು ಹೋಗುತ್ತಿವೆ. ಗಾರ್ಡ್ನರ್ ಬದಲು ಮುಲ್ಲರ್-ಮುಲ್ಲರ್ ಡಿಟೆಕ್ಟರ್ ಹಾಕಿದರೆ ಉಳಿಯುತ್ತಾ?

ಉತ್ತರ 1:
ಹಾಕಿ ನೋಡಿ. ಅದಕ್ಕೆ ಸಿಂಬಲ್‌ಗೆ ಒಂದೇ ಸ್ಯಾಂಪಲ್ ಸಾಕು, ಗಾರ್ಡ್ನರ್‌ಗೆ ಎರಡು ಬೇಕು. ಇಂಟರ್‌ಪೋಲೇಟರ್ ಕೆಲಸ ಅರ್ಧಕ್ಕರ್ಧ ಇಳಿಯುತ್ತೆ.

ಉತ್ತರ 2:
ಅರ್ಧ ಇಳಿಯುತ್ತೆ, ನಿಜ. ಆದರೆ ಅದಕ್ಕೆ ಸಿಂಬಲ್ ಯಾವುದು ಅಂತ ಮೊದಲೇ ತೀರ್ಮಾನ ಆಗಿರಬೇಕು, ಅಂದರೆ ಕ್ಯಾರಿಯರ್ (ಸಿಗ್ನಲ್ ಹೊತ್ತು ತರೋ ಅಲೆ) ಲಾಕ್ ಆಗಿರಬೇಕು. 1986ರ ಗಾರ್ಡ್ನರ್ ಸೂತ್ರ ಕ್ಯಾರಿಯರ್ ಫೇಸ್ ಎಲ್ಲಿದ್ದರೂ ನಡೆಯುತ್ತೆ. ಆ ಅನುಕೂಲ ಸುಮ್ನೆ ಕಳೆದುಕೊಳ್ಳಬೇಡಿ. ಅದರ ಖರ್ಚಾದರೂ ಎಷ್ಟು? ಈ ಸಿಂಬಲ್‌ನಿಂದ ಹಿಂದಿನದನ್ನು ಕಳೆದು, ನಡುವಿನ ಸ್ಯಾಂಪಲ್‌ನಿಂದ ಗುಣಿಸಬೇಕು. ಸಿಗ್ನಲ್‌ನ ಎರಡು ಭಾಗಗಳಾದ ಐ, ಕ್ಯೂಗಳಲ್ಲಿ ಐಗೆ ಒಂದು ಗುಣಾಕಾರ, ಕ್ಯೂಗೆ ಒಂದು. ಅಷ್ಟೇ.

ಜಾಸ್ತಿ ತಿನ್ನುತ್ತಿರೋದು ಇಂಟರ್‌ಪೋಲೇಟರ್. ಫ್ಯಾರೋ ರಚನೆಯಲ್ಲಿ (ಇಂಟರ್‌ಪೋಲೇಟರ್ ಕಟ್ಟೋ ಒಂದು ಕ್ರಮ) ಕ್ಯೂಬಿಕ್ ಇಟ್ಟರೆ ಪ್ರತಿ ಬೆಲೆಗೆ ಮ್ಯೂ (ಎರಡು ಸ್ಯಾಂಪಲ್ ನಡುವೆ ಎಲ್ಲಿ ಬೇಕು ಅನ್ನೋ ಭಾಗಾಂಶ) ಜೊತೆ 3 ಗುಣಾಕಾರ. ಐ, ಕ್ಯೂ ಎರಡಕ್ಕೂ, ಸಿಂಬಲ್‌ಗೆ ಎರಡು ಸಲ, ಒಟ್ಟು 12. ಮೇಲೆ ಆರನೇ ಒಂದು, ಮೂರನೇ ಒಂದು ಅನ್ನೋ ಗುಣಾಂಕಗಳ ಕಾಟ ಬೇರೆ. ಪ್ಯಾರಾಬೋಲಿಕ್‌ಗೆ ಬನ್ನಿ, ಅದರ ಆಕಾರ ನಿರ್ಧರಿಸೋ ಆಲ್ಫಾ 0.5 ಇಡಿ. ಗುಣಾಂಕಗಳು ಬರೀ 0.5, 1, 1.5. ಅರ್ಧ ಅಂದರೆ ಬಲಕ್ಕೆ ಒಂದು ಬಿಟ್ ಶಿಫ್ಟ್. ಒಂದೂವರೆ ಅಂದರೆ ಅದೇ ಸಂಖ್ಯೆಗೆ ಅದರ ಶಿಫ್ಟ್ ಕೂಡಿಸೋದು. ಮ್ಯೂ ಗುಣಾಕಾರ 12ರಿಂದ 8ಕ್ಕೆ ಬರುತ್ತೆ. ಸಿಂಬಲ್‌ಗೆ 4 ಸ್ಯಾಂಪಲ್ ಇರೋವಾಗ ಕ್ಯೂಪಿಎಸ್‌ಕೆಗೆ ಇದು ಧಾರಾಳ ಸಾಕು.

ಟೈಮಿಂಗ್ ತಿದ್ದೋ ಲೂಪ್‌ನ ಗೇನ್‌ಗಳನ್ನೂ ಎರಡರ ಘಾತಕ್ಕೆ ಹೊಂದಿಸಿ, ಅಲ್ಲೂ ಶಿಫ್ಟ್ ಸಾಕು. ಒಂದೇ ಎಚ್ಚರ: ಗಾರ್ಡ್ನರ್ ಎರರ್ ಸಿಗ್ನಲ್ ಮಟ್ಟದ ಜೊತೆ ಏರಿಳಿಯುತ್ತೆ. ಅದಕ್ಕೂ ಮೊದಲು ಬರೋ ಎಜಿಸಿ (ಸಿಗ್ನಲ್ ಮಟ್ಟವನ್ನು ತಾನಾಗಿ ಸಮ ಇಡೋ ಭಾಗ) ಸರಿಯಾಗಿಲ್ಲದಿದ್ದರೆ ಲೂಪ್ ಬ್ಯಾಂಡ್‌ವಿಡ್ತ್ ನೀವು ಲೆಕ್ಕ ಹಾಕಿದ್ದಾಗಿರಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಮುಂದೆ 64-ಕ್ವಾಮ್ (64 ಬಗೆಯ ಸಿಂಬಲ್ ಇರೋ ವಿಧಾನ) ಬಂದರೂ ಇದೇ ನಡೆಯುತ್ತಾ?

ಉತ್ತರ 2:
ಅದಕ್ಕೆ ಪ್ಯಾರಾಬೋಲಿಕ್ ನೆಚ್ಚಿಕೊಳ್ಳಬೇಡಿ. ಮ್ಯಾಚ್ಡ್ ಫಿಲ್ಟರನ್ನೇ ಪಾಲಿಫೇಸ್ ಬ್ಯಾಂಕ್ (ಸ್ಯಾಂಪಲ್ ನಡುವಿನ ಪ್ರತಿ ಹೆಜ್ಜೆಗೂ ಬೇರೆ ಗುಣಾಂಕದ ಸೆಟ್) ಮಾಡಿ, ಇಂಟರ್‌ಪೋಲೇಟರ್ ಪೂರ್ತಿ ತೆಗೆದುಬಿಡಿ. ಗುಣಾಂಕಗಳ 16 ಸೆಟ್ ಇಟ್ಟರೆ, ಸಿಂಬಲ್‌ಗೆ 4 ಸ್ಯಾಂಪಲ್ ಇರೋದರಿಂದ, ಸಿಂಬಲ್‌ನ 64ನೇ ಒಂದು ಭಾಗದ ಹೆಜ್ಜೆ ಸಿಗುತ್ತೆ, ಸಾಲದಿದ್ದರೆ 32 ಇಡಿ. ಪ್ರತಿ ಸಲ ಓಡೋದು ಒಂದೇ ಸೆಟ್. ಅದೂ ಸಿಂಬಲ್‌ಗೆ ನಾಲ್ಕಲ್ಲ, ಎರಡೇ ಸಲ. ಮೆಮೊರಿ ಜಾಸ್ತಿ ಬೇಕಾಗುತ್ತೆ, ಆದರೆ ನಿಮಗೆ ಕೊರತೆ ಇರೋದು ಮಲ್ಟಿಪ್ಲೈಯರ್‌ದು ತಾನೆ?